ತುಲನಾತ್ಮಕ ಪ್ರಬಂಧ: ಮಾಹಿತಿ ಸರಿ ಇದ್ದರೂ ಕರಡು ವಾಪಸ್ ಬರುವುದು ಯಾಕೆ?

ಉಪ್ಪಳ_ಗೇಟ್

ಡಿಗ್ರಿ ಮೂರನೇ ಸೆಮಿಸ್ಟರ್. "ಯಕ್ಷಗಾನ ಮತ್ತು ಕಥಕಳಿಯ ಸಾಮ್ಯ–ವ್ಯತ್ಯಾಸಗಳನ್ನು ಚರ್ಚಿಸಿ" ಅಂತ ಅಸೈನ್‌ಮೆಂಟ್, 1500 ಪದ. ಮೊದಲ ಅರ್ಧ ಯಕ್ಷಗಾನ, ಉಳಿದರ್ಧ ಕಥಕಳಿ, ಕೊನೆಗೆ "ಎರಡೂ ತಮ್ಮದೇ ರೀತಿಯಲ್ಲಿ ಶ್ರೇಷ್ಠ" ಎಂಬ ಒಂದು ಪ್ಯಾರಾ. ಕರಡು ವಾಪಸ್ ಬಂದಿದೆ, ಮೇಲೆ ಷರಾ: "ಎರಡು ಪ್ರಬಂಧ ಅಂಟಿಸಿದ ಹಾಗಿದೆ." ಮಾಹಿತಿಯಲ್ಲಿ ತಪ್ಪಿಲ್ಲವಂತೆ. ಹಾಗಾದ್ರೆ ಕಡಿಮೆ ಬಿದ್ದದ್ದು ಎಂತ? ಎಲ್ಲಿಂದ ತಿದ್ದುವುದು?

ಶಿರಿಯ_ಹೊಳೆ

ಷರಾ ಸರಿಯಾಗಿಯೇ ಉಂಟು. ಯಕ್ಷಗಾನದ ಬಗ್ಗೆ ನಾಲ್ಕು ಪುಟ, ಕಥಕಳಿಯ ಬಗ್ಗೆ ನಾಲ್ಕು ಪುಟ ಬರೆದು ಕೊಟ್ಟರೆ ಹೋಲಿಸುವ ಕೆಲಸ ಓದುವವರ ಪಾಲಿಗೆ ಬೀಳ್ತದೆ. ಹಾಗಾದ್ರೆ ಮಾರ್ಕು ಕೂಡ ಅವರಿಗೇ ಹೋಗ್ಬೇಕಲ್ಲ.

ಕರಡನ್ನು ಬದಿಗಿಡಿ. ಒಂದು ಹಾಳೆ ಅಡ್ಡ ಹಿಡಿದು ಮೂರು ಕಾಲಂ ಎಳೆಯಿರಿ. ಎಡಗಡೆ ಹೋಲಿಕೆಯ ಆಧಾರ, ನಡುವೆ ಯಕ್ಷಗಾನ, ಬಲಗಡೆ ಕಥಕಳಿ. ಆಧಾರದ ಕಾಲಂನಲ್ಲಿ "ವೇಷಭೂಷಣ", "ಸಂಗೀತ", "ಇತಿಹಾಸ" ಅಂತ ತಲೆಬರಹ ಬರೆಯಬೇಡಿ. ಪ್ರಶ್ನೆ ಬರೆಯಿರಿ. ತಲೆಬರಹ ಬರೆದ ಕೂಡಲೇ ಕೈ ತನ್ನಷ್ಟಕ್ಕೆ ವರ್ಣನೆಗೆ ಇಳಿಯುತ್ತದೆ. ಪ್ರಶ್ನೆ ಬರೆದರೆ ಎರಡೂ ಕಡೆ ಉತ್ತರ ಕೊಡದೆ ಉಪಾಯ ಇಲ್ಲ. ಉದಾಹರಣೆಗೆ (ಓರೆಗೆರೆಯ ಮೊದಲು ಯಕ್ಷಗಾನ, ನಂತರ ಕಥಕಳಿ):

– ರಂಗದ ಮೇಲೆ ಮಾತು ಯಾರ ಬಾಯಿಯಿಂದ ಬರ್ತದೆ? (ಭಾಗವತರು ಪದ್ಯ ಹೇಳಿದ ಮೇಲೆ ವೇಷಧಾರಿಯೇ ಅರ್ಥ ಹೇಳುವುದು / ಹಿಂದೆ ನಿಂತ ಇಬ್ಬರು ಹಾಡುಗಾರರ ಬಾಯಿಂದ ಮಾತ್ರ, ವೇಷಧಾರಿಯದ್ದು ಮುದ್ರೆ ಮತ್ತು ಕಣ್ಣು)

– ವೇಷ ಕಂಡ ಕೂಡಲೇ ಪಾತ್ರದ ಗುಣ ತಿಳಿಯುತ್ತದಾ? (ರಾಜವೇಷ, ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ / ಪಚ್ಚ, ಕತ್ತಿ, ತಾಡಿ, ಕರಿ, ಮಿನುಕ್ಕು)

– ಕಲಾವಿದ ತಕ್ಷಣಕ್ಕೆ ಹೊಸತಾಗಿ ಸೃಷ್ಟಿಸುವ ಜಾಗ ಯಾವುದು? (ಅರ್ಥಗಾರಿಕೆ, ಅಂದ್ರೆ ಪದ್ಯಕ್ಕೆ ಸ್ಥಳದಲ್ಲೇ ಕಟ್ಟುವ ಮಾತು / ಪದ ಮುಗಿದ ಮೇಲೆ ಬರುವ ಇಳಕಿಯಾಟ್ಟಂ, ಅಂದ್ರೆ ಹಾಡಿಲ್ಲದ ಅಭಿನಯ)

ಹೀಗೆ ಎಂಟು–ಹತ್ತು ಸಾಲು ತುಂಬಿಸಿ, ಆಮೇಲೆ ಹೊಡೆದು ಹಾಕಿ. ಒಂದು ಕಡೆ ಖಾಲಿ ಉಳಿದ ಸಾಲು ಬೇಡ. ಎರಡೂ ಕಡೆ ಬರೆದು "ಹೌದು, ಹಾಗಾದರೆ ಏನಾಯಿತು?" ಎಂದು ಕೇಳಿದಾಗ ಉತ್ತರ ಹುಟ್ಟದ ಸಾಲೂ ಬೇಡ. "ಎರಡರಲ್ಲೂ ಚೆಂಡೆ ಉಂಟು" ಎಂಬುದು ಅಂಥ ಸಾಲು. 1500 ಪದಕ್ಕೆ ಮೂರು ಆಧಾರ ಸಾಕು. ನಾಲ್ಕನೆಯದು ಸೇರಿಸಿದರೆ ಪ್ರತಿಯೊಂದೂ ತೆಳ್ಳಗಾಗ್ತದೆ.

ಕುಂಬಳೆ_ಸೀಮೆ

ಕಾಲಂ ಎಳೆಯುವ ಮೊದಲು ಇನ್ನೊಂದು ಪ್ರಶ್ನೆ ಉಂಟು: ಯಾವ ಯಕ್ಷಗಾನ? ತೆಂಕುತಿಟ್ಟೋ (ದಕ್ಷಿಣದ ಶೈಲಿ) ಬಡಗುತಿಟ್ಟೋ (ಉತ್ತರದ ಶೈಲಿ)? ಬಡಗಿನ ಮುಂಡಾಸು, ಕೇದಗೆ ಮುಂದಲೆಯ ವರ್ಣನೆಯನ್ನು ಯಾವುದೋ ಲೇಖನದಿಂದ ತಂದು, ಮುಂದಿನ ಸಾಲಿನಲ್ಲೇ ತೆಂಕಿನ ಕಿರೀಟಕ್ಕೆ ಜೋಡಿಸಿ "ಯಕ್ಷಗಾನದಲ್ಲಿ ಹೀಗೆ" ಎಂದು ಬರೆದ ಪ್ರಬಂಧಗಳೇ ಹೆಚ್ಚು. ಅಂಥ ಯಕ್ಷಗಾನ ಭೂಮಿಯ ಮೇಲೆ ಎಲ್ಲೂ ಇಲ್ಲ. ನಮ್ಮ ಕಾಸರಗೋಡಿನ ಕಡೆಯವರು ತೆಂಕನ್ನೇ ಹಿಡಿಯುವುದು ಒಳ್ಳೆಯದು, ಪ್ರಸ್ತಾವನೆಯಲ್ಲೇ ಒಂದು ವಾಕ್ಯದಲ್ಲಿ ಹೇಳಿಬಿಡಿ.

ತೆಂಕು ಮತ್ತು ಕಥಕಳಿ ಹೊರನೋಟಕ್ಕೆ ತುಂಬ ಹತ್ತಿರ. ಹಾಗಾಗಿ ವ್ಯತ್ಯಾಸ ತೋರಿಸಿದರೆ ಅದಕ್ಕೆ ತೂಕ ಬರ್ತದೆ. ತೀರಾ ದೂರದ ಎರಡು ವಸ್ತುಗಳಲ್ಲಿ ಸಾಮ್ಯ ಕಂಡುಹಿಡಿಯುವುದು ಕೆಲಸ, ತೀರಾ ಹತ್ತಿರದವುಗಳಲ್ಲಿ ವ್ಯತ್ಯಾಸ ಕಂಡುಹಿಡಿಯುವುದು ಕೆಲಸ. ಪ್ರಶ್ನೆಪತ್ರಿಕೆ ಎರಡನ್ನೂ ಕೇಳಿದ್ದರೂ ಸಮಸಮ ಹಂಚಬೇಕೆಂದಿಲ್ಲ. ಇಲ್ಲಿ ಸಾಮ್ಯಕ್ಕೆ ಕಾಲು ಭಾಗ, ವ್ಯತ್ಯಾಸಕ್ಕೆ ಮುಕ್ಕಾಲು ಕೊಟ್ಟರೆ ಸಾಕು.

ಮತ್ತೆ, ಹೆಸರು ಒಂದೇ ಎಂದು ನಂಬಿ ಸಾಮ್ಯದ ಪಟ್ಟಿಗೆ ಸೇರಿಸಬೇಡಿ. ಮುಖದ ಮೇಲೆ ಉಬ್ಬಾಗಿ ಕಟ್ಟುವ ಚುಟ್ಟಿ ಎರಡೂ ಕಡೆ ಉಂಟು, ಎರಡೂ ಮೂಲದಲ್ಲಿ ಅಕ್ಕಿಹಿಟ್ಟು–ಸುಣ್ಣದ್ದೇ. ತೆಂಕಿನಲ್ಲಿ ಅದು ಬಣ್ಣದ ವೇಷದ ಮುಖದ ಮೇಲೆ ಮುಳ್ಳುಮುಳ್ಳಾಗಿ ಏಳುತ್ತದೆ, ರಕ್ಕಸತನ ತೋರಿಸಲಿಕ್ಕೆ. ಕಥಕಳಿಯಲ್ಲಿ ಪಚ್ಚ ವೇಷದ ನಾಯಕನಿಗೇ ದವಡೆಯ ಗುಂಟ ಬಿಳಿ ಅಂಚು ಕಟ್ಟುತ್ತದೆ. ಸಾಮಗ್ರಿ ಒಂದು, ಮಾಡುವ ಕೆಲಸ ಬೇರೆ. ಇದನ್ನು ಸಾಮ್ಯದಿಂದ ಆರಂಭಿಸಿ ವ್ಯತ್ಯಾಸಕ್ಕೆ ತಿರುಗಿಸಿದರೆ ಅದೊಂದೇ ಒಳ್ಳೆಯ ಪ್ಯಾರಾ ಆದೀತು.

ಬದಿಯಡ್ಕ_ಬಸ್

ಕಾಲಮಿತಿಯ ಮೂರು ಗಂಟೆಯ ಆಟವನ್ನು ರಾತ್ರಿಯಿಡೀ ನಡೆಯುವ ಕಥಕಳಿಗೆ ಹೋಲಿಸಬೇಡಿ, ಅದೂ ತಪ್ಪೇ. ಇಡೀ ರಾತ್ರಿಯದ್ದಕ್ಕೆ ಇಡೀ ರಾತ್ರಿಯದ್ದೇ.

ಶಿರಿಯ_ಹೊಳೆ

ಸರಿ. ಅದಕ್ಕಿಂತ ಭದ್ರವಾದ ದಾರಿ ಅಂದ್ರೆ ಎರಡೂ ಕಡೆ ಒಂದೇ ಕತೆ ಹಿಡಿಯುವುದು. ಭೀಮ ಸೌಗಂಧಿಕಾ ಪುಷ್ಪಕ್ಕೆ ಹೊರಟು ದಾರಿಯಲ್ಲಿ ಹನುಮಂತನನ್ನು ಕಾಣುವ ಪ್ರಸಂಗ ಎರಡರಲ್ಲೂ ಉಂಟು. ಕತೆ ಸಮ ಆಗಿಬಿಟ್ಟರೆ ಉಳಿದ ವ್ಯತ್ಯಾಸವೆಲ್ಲ ಕಲೆಯದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ಪ್ರಬಂಧದ ಮುಖ್ಯ ವಾದ. "ಯಕ್ಷಗಾನ ಮತ್ತು ಕಥಕಳಿಯಲ್ಲಿ ಹಲವು ಸಾಮ್ಯಗಳೂ ಹಲವು ವ್ಯತ್ಯಾಸಗಳೂ ಇವೆ" ಎಂಬುದು ವಾದ ಅಲ್ಲ. ಆ ಎರಡು ಹೆಸರು ತೆಗೆದು ಇಡ್ಲಿ–ದೋಸೆ ಹಾಕಿದರೂ ವಾಕ್ಯ ಸರಿಯೇ ಇರ್ತದೆ. ಹೆಸರು ಬದಲಿಸಿದರೆ ಸುಳ್ಳಾಗುವ ವಾಕ್ಯ ಬೇಕು. ಹೀಗೆ ನೋಡಿ:

"ತೆಂಕುತಿಟ್ಟಿನಲ್ಲೂ ಕಥಕಳಿಯಲ್ಲೂ ಪುರಾಣದ ಕತೆಯನ್ನು ಹಾಡು ನಡೆಸುತ್ತದೆ. ಆದರೆ ಆ ಹಾಡನ್ನು ಬೆಳೆಸುವ ಸ್ವಾತಂತ್ರ್ಯ ಯಕ್ಷಗಾನದ ಕಲಾವಿದನಿಗೆ ಮಾತಿನಲ್ಲಿ ದೊರೆತರೆ, ಕಥಕಳಿಯ ಕಲಾವಿದನಿಗೆ ಮುದ್ರೆ ಮತ್ತು ಕಣ್ಣಿನಲ್ಲಿ ದೊರೆಯುತ್ತದೆ. ವೇಷ, ಕುಣಿತ ಎರಡನ್ನೂ ಕಳಚಿದಾಗ ಯಕ್ಷಗಾನದಲ್ಲಿ ತಾಳಮದ್ದಳೆ ಉಳಿಯುತ್ತದೆ, ಕಥಕಳಿಯಲ್ಲಿ ಪದಗಳ ಕಛೇರಿ ಉಳಿಯುತ್ತದೆ."

ಮೂರು ವಾಕ್ಯ. ಇದರಲ್ಲಿ ಸಾಮ್ಯ, ವ್ಯತ್ಯಾಸ, ಅದರ ಪರಿಣಾಮ ಮೂರೂ ಬಂತು. ಮುಂದೆ ಬರೆಯುವ ಪ್ಯಾರಾಗಳೆಲ್ಲ ಇದಕ್ಕೆ ಸಾಕ್ಷಿ ಹೇಳ್ಬೇಕು. ಸಾಕ್ಷಿ ಹೇಳದ ಪ್ಯಾರಾ ಎಷ್ಟು ಚಂದ ಇದ್ದರೂ ಹೊರಗೆ.

ಮೊಗ್ರಾಲ್_ಗಾಳಿ

ಕೊನೆಯ ವಾಕ್ಯಕ್ಕೆ ನನ್ನ ತಕರಾರು ಉಂಟು. ಯಕ್ಷಗಾನದಲ್ಲೂ ಬರೀ ಹಾಡಿನ ಗಾನವೈಭವ ನಡೆಯುತ್ತದಲ್ಲ? ಕಥಕಳಿಯಲ್ಲೂ ವೇಷವಿಲ್ಲದೆ ಮುದ್ರೆ ಸಹಿತ ಮಾಡುವ ಚೊಲ್ಲಿಯಾಟ್ಟಂ ಉಂಟು. ಅಲ್ಲಿಗೆ ವಾದ ಬಿತ್ತು.

ಶಿರಿಯ_ಹೊಳೆ

ಬೀಳಲಿಲ್ಲ, ಆದ್ರೆ ಸೊಂಟ ಹಿಡಿಯಿತು. ಈಗ ಎಷ್ಟು ಉಳಿಯುತ್ತದೋ ಅಷ್ಟೇ ಹೇಳುವುದು: "ಹಾಡು ಮಾತ್ರ ಉಳಿಸಿಕೊಂಡ ರೂಪ ಎರಡಕ್ಕೂ ಇದೆ, ಮಾತನ್ನೇ ನಡುಗಂಬ ಮಾಡಿಕೊಂಡ ತಾಳಮದ್ದಳೆಯಂಥ ರೂಪ ಯಕ್ಷಗಾನಕ್ಕೆ ಮಾತ್ರ ಇದೆ. ಕಥಕಳಿ ವೇಷ ಬಿಟ್ಟಾಗಲೂ ಚೊಲ್ಲಿಯಾಟ್ಟದಲ್ಲಿ ಮುದ್ರೆಯನ್ನು ಬಿಡುವುದಿಲ್ಲ." ನಿಮ್ಮ ತಕರಾರು ವಾದವನ್ನು ಗಟ್ಟಿಯೇ ಮಾಡಿತು.

ಉಪ್ಪಳದವರೇ, ಇದನ್ನು ಪ್ರಬಂಧದ ಒಳಗೇ ತನ್ನಿ. ಎದುರಾಗಬಹುದಾದ ಒಂದು ಆಕ್ಷೇಪವನ್ನು ನೀವೇ ಎತ್ತಿ, ಅದರಿಂದ ವಾದ ಎಲ್ಲಿ ಕಿರಿದಾಯಿತು ಎಂದು ತೋರಿಸಿದರೆ ಡಿಗ್ರಿ ಮಟ್ಟದ ಪ್ರಬಂಧ ಅನಿಸುತ್ತದೆ. ಪ್ಲಸ್ ಟು ಮಟ್ಟದ್ದರಲ್ಲಿ ಇಷ್ಟು ಯಾರೂ ಕೇಳುವುದಿಲ್ಲ.

ಮೊಗ್ರಾಲ್_ಗಾಳಿ

ಹಾಗೇ "ಕಥಕಳಿಯಲ್ಲಿ ವೇಷಧಾರಿ ಬಾಯಿ ಬಿಡುವುದೇ ಇಲ್ಲ" ಎಂದೂ ಬರೆಯಬೇಡಿ. ಕತ್ತಿ, ತಾಡಿ ವೇಷಗಳು ಅಲರುತ್ತವೆ, ಅಂದ್ರೆ ಅಬ್ಬರಿಸಿ ಕೂಗುತ್ತವೆ. ಅದು ಮಾತಲ್ಲ, ಶಬ್ದ. "ಸಂಭಾಷಣೆ ಇಲ್ಲ" ಎಂದು ಬರೆದರೆ ಸರಿ. "ಎಂದೂ", "ಯಾವುದೇ", "ಸಂಪೂರ್ಣ", "ಮಾತ್ರ" ಇಂಥ ಪದ ಇರುವ ಪ್ರತಿ ವಾಕ್ಯಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದು ಅಪವಾದ ಸಿಗುತ್ತದಾ ಎಂದು ನೋಡಿ.

ಉಪ್ಪಳ_ಗೇಟ್

ಇದು ಬಹಳ ಉಪಕಾರ ಆಯ್ತು. ಇನ್ನು ಜೋಡಿಸುವ ಕ್ರಮ ಹೇಳಿ. ಒಂದೊಂದು ಪ್ಯಾರಾದಲ್ಲೂ ಎರಡನ್ನೂ ತರ್ಬೇಕಾ?

ಚಂದ್ರಗಿರಿ_ದಡ

ಎರಡು ಕ್ರಮ ಇವೆ. ಒಂದು ವಸ್ತುವಿನ ಎಲ್ಲವನ್ನೂ ಮುಗಿಸಿ ಇನ್ನೊಂದಕ್ಕೆ ಹೋಗುವುದು. ಅಥವಾ ಒಂದು ಆಧಾರ ಹಿಡಿದು ಅದರಲ್ಲಿ ಎರಡನ್ನೂ ಮುಗಿಸಿ ಮುಂದಿನ ಆಧಾರಕ್ಕೆ ಹೋಗುವುದು. 1500 ಪದಕ್ಕೆ ಎರಡನೇ ಕ್ರಮ, ಕಣ್ಣು ಮುಚ್ಚಿ. ಮೊದಲ ಕ್ರಮದಲ್ಲಿ 700 ಪದ ಹಿಂದೆ ಹೇಳಿದ್ದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಅದು ಆಗುವ ಮಾತಲ್ಲ.

ಹಂಚಿಕೆ ಹೀಗಿರಲಿ: ಪ್ರಸ್ತಾವನೆ 150 ಪದ, ಮೂರು ಆಧಾರಕ್ಕೆ ತಲಾ 350, ಕೊನೆಗೆ 200. ಒಟ್ಟು 1400. ಉಳಿದ 100 ಕೈಯಲ್ಲಿರಲಿ, ಎಲ್ಲಾದರೂ ವಿವರಣೆ ಸಾಲದಿದ್ದರೆ ಬೇಕಾಗುತ್ತದೆ. 350ರ ಪ್ಯಾರಾವನ್ನೂ ಒಡೆಯಬಹುದು: ಆಧಾರ ಏನು, ಯಾಕೆ ಮುಖ್ಯ ಎಂದು 50, ತೆಂಕಿನ ಒಂದು ದೃಶ್ಯ 110, ಕಥಕಳಿಯ ಒಂದು ದೃಶ್ಯ 110, ಇವೆರಡನ್ನು ಎದುರುಬದುರು ಇಟ್ಟು ನಿಮ್ಮ ತೀರ್ಮಾನ 80. ಎಲ್ಲರೂ ಬಿಟ್ಟುಬಿಡುವುದು ಈ ಕೊನೆಯ 80ನ್ನೇ. ಎರಡು ದೃಶ್ಯ ಬರೆದು ಮುಂದಿನ ಪ್ಯಾರಾಕ್ಕೆ ಹಾರಿಬಿಡುತ್ತಾರೆ.

ಆಧಾರಗಳನ್ನು ಹೊರಗಿನಿಂದ ಒಳಕ್ಕೆ ಇಡಿ: ಮೊದಲು ಕಣ್ಣಿಗೆ ಕಾಣುವ ವೇಷ, ನಂತರ ಮಾತು–ಮುದ್ರೆ, ಕೊನೆಗೆ ಕಲಾವಿದನ ಸ್ವಾತಂತ್ರ್ಯ. ಎಲ್ಲ ಪ್ಯಾರಾದಲ್ಲೂ ಮೊದಲು ತೆಂಕು, ಆಮೇಲೆ ಕಥಕಳಿ. ಈ ಅನುಕ್ರಮ ನಡುವೆ ತಿರುಗಿಸಿದರೆ ಓದುವವರು ಎಡವುತ್ತಾರೆ.

ಅಡಿಕೆ_ಹಾಳೆ

ಪರೀಕ್ಷೆಯಲ್ಲಿ ಮಾತ್ರ ಮೊದಲ ಕ್ರಮಕ್ಕೂ ಜಾಗ ಉಂಟು ಅಂತ ನನ್ನ ಅಭಿಪ್ರಾಯ. ಅರ್ಧ ಗಂಟೆಯ ಉತ್ತರ, 300–400 ಪದ. ಅಷ್ಟರಲ್ಲಿ ಆಧಾರದಿಂದ ಆಧಾರಕ್ಕೆ ಜಿಗಿದರೆ ತುಂಡುತುಂಡಾಗ್ತದೆ. ಒಂದು ಪ್ಯಾರಾ ಇದು, ಒಂದು ಪ್ಯಾರಾ ಅದು, ಮೂರನೆಯದರಲ್ಲಿ ಹೋಲಿಕೆ. ಐದು ನಿಮಿಷ ಕಾಲಂಗೆ, ಇಪ್ಪತ್ತು ನಿಮಿಷ ಬರೆಯಲಿಕ್ಕೆ, ಐದು ನಿಮಿಷ ಓದಲಿಕ್ಕೆ.

ಚಂದ್ರಗಿರಿ_ದಡ

ಒಪ್ಪಿದೆ, ಒಂದು ಷರತ್ತಿನೊಂದಿಗೆ. ಎರಡನೇ ಪ್ಯಾರಾ ಬರೆಯುವಾಗ ಮೊದಲನೆಯದರಲ್ಲಿ ಎತ್ತಿದ ಅಂಶಗಳನ್ನೇ ಅದೇ ಅನುಕ್ರಮದಲ್ಲಿ ಎತ್ತಬೇಕು. ಇಲ್ಲದಿದ್ದರೆ ಮೂರನೇ ಪ್ಯಾರಾಕ್ಕೆ ಹೋಲಿಸಲು ಏನೂ ಉಳಿದಿರುವುದಿಲ್ಲ.

ನೀಲೇಶ್ವರ_ರೈಲು

ನಮ್ಮದು ಬಾಟನಿ. "ಅಡಿಕೆ ಮತ್ತು ತೆಂಗು: ಹೋಲಿಸಿ" ಅಂತ ಬಂದರೆ ಟೇಬಲ್ ಹಾಕಿ ಮುಗಿಸಬಹುದಲ್ವಾ? ಪ್ರಬಂಧ ಯಾಕೆ?

ಅಡಿಕೆ_ಹಾಳೆ

"ವ್ಯತ್ಯಾಸ ಬರೆಯಿರಿ" ಎಂದು ಐದು ಮಾರ್ಕಿಗೆ ಕೇಳಿದ್ರೆ ಟೇಬಲ್ಲೇ ಸರಿ. "ಹೋಲಿಸಿ ಚರ್ಚಿಸಿ" ಎಂದರೆ ಸಾಲದು. ಟೇಬಲ್ ಅಂಶಗಳನ್ನು ಪಕ್ಕಪಕ್ಕ ಇಡ್ತದೆ, ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ಹೇಳುವುದಿಲ್ಲ.

ತೋರಿಸ್ತೇನೆ. ಎರಡೂ ತಾಳೆಯ ಕುಟುಂಬದವು. ಕಾಂಡ, ಎಲೆ, ಹಣ್ಣು, ಬೀಜ ಅಂತ ಹತ್ತು ಸಾಲಿನ ಟೇಬಲ್ ಹಾಕಬಹುದು. ಆದ್ರೆ ಒಂದೇ ಆಧಾರ ಹಿಡಿಯಿರಿ: ಗೊನೆ ಎಲ್ಲಿ ಕೂರುತ್ತದೆ? ತೆಂಗಿನಲ್ಲಿ ಹೊಂಬಾಳೆ ಮಡಲಿನ ಕಂಕುಳಿನಲ್ಲೇ ಹುಟ್ಟಿ, ಗೊನೆ ಮಂಡೆಯ ಒಳಗೆ ಮಡಲುಗಳ ನಡುವೆ ಬಲಿಯುತ್ತದೆ. ಅಡಿಕೆಯಲ್ಲಿ ಹಾಳೆ ಕಳಚಿ ಬಿದ್ದ ಮೇಲೆ ಹಿಂಗಾರ ಬಿಚ್ಚಿಕೊಳ್ಳುತ್ತದೆ. ಗೊನೆ ಸೋಗೆಗಳ ಕೆಳಗೆ ಬಯಲಿನಲ್ಲೇ ನಿಲ್ಲುತ್ತದೆ.

ಈಗ "ಹಾಗಾದರೆ ಏನಾಯಿತು?" ಮಳೆಗಾಲದಲ್ಲಿ ಎರಡಕ್ಕೂ ಫೈಟೋಫ್ತೋರಾ ಜಾತಿಯ ರೋಗಾಣುಗಳ ಕಾಟ ಉಂಟು. ಅಡಿಕೆಯಲ್ಲಿ ಅದು ಮುಖ್ಯವಾಗಿ ಕಾಯಿಗೆ ಬಿದ್ದು ಕೊಳೆರೋಗ ಆಗ್ತದೆ, ತೆಂಗಿನಲ್ಲಿ ಸುಳಿಗೆ ಬಿದ್ದು ಸುಳಿಕೊಳೆ. ಅಡಿಕೆಗೊನೆ ಕೆಳಗೆ ಬಯಲಾಗಿ ಇರುವುದರಿಂದಲೇ ಅದಕ್ಕೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಲಿಕ್ಕೂ, ಶೇಕಡಾ 1ರ ಬೋರ್ಡೋ ದ್ರಾವಣವನ್ನು (1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು) ನೇರ ಗೊನೆಗೇ ಬಿಡಲಿಕ್ಕೂ ಆಗುವುದು. ತೆಂಗಿನಲ್ಲಿ ಮಂಡೆ ಬಿಡಿಸಿ ಸುಳಿಯನ್ನೇ ನೋಡ್ಬೇಕು. ಗೊನೆ ಕೂರುವ ಜಾಗದ ಒಂದು ವ್ಯತ್ಯಾಸ ಹಿಡಿದು ಆರೈಕೆಯ ತನಕ ಬಂದೆವು. ಟೇಬಲ್ಲಿನಲ್ಲಿ ಇದು "ಗೊನೆ: ಸೋಗೆಯ ಕೆಳಗೆ / ಮಡಲಿನ ನಡುವೆ" ಎಂಬ ಒಂದು ಸಾಲಾಗಿ ಸತ್ತು ಬಿದ್ದಿರುತ್ತಿತ್ತು.

ಟೇಬಲ್ ಹಾಕಲೇಬೇಕೆಂದಿದ್ದರೆ ಹಾಕಿ, ಅದರ ಕೆಳಗೆ ಎರಡು ಪ್ಯಾರಾ ಹೀಗೆ ಬರೆಯಿರಿ.

ಮಧೂರು_ಅಪ್ಪ

ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ತಿದ್ದುವಾಗ ಕಣ್ಣಿಗೆ ಹೊಡೆಯುವುದು ಇವು.

"ಮೊದಲನೆಯದರಲ್ಲಿ… ಎರಡನೆಯದರಲ್ಲಿ…" ಮೂರು ಸಾಲು ದಾಟಿದ ಮೇಲೆ ಯಾವುದು ಮೊದಲನೆಯದು ಎಂದು ಬರೆದವರಿಗೇ ಮರೆತಿರುತ್ತದೆ. "ಅದು–ಇದು" ಕೂಡ ಹಾಗೇ. ಹೆಸರು ಮತ್ತೆ ಮತ್ತೆ ಬಂದರೆ ತೊಂದರೆ ಇಲ್ಲ. ಯಕ್ಷಗಾನ ಎಂದೇ ಬರೆಯಿರಿ. ಪರ್ಯಾಯ ಪದದ ಆಸೆಗೆ "ಈ ಗಂಡುಕಲೆ", "ಆ ದೇವರನಾಡಿನ ಕಲೆ" ಎಂದೆಲ್ಲ ಹೋಗಬೇಡಿ.

ಪ್ರತಿ ವಾಕ್ಯ "ಆದರೆ"ಯಿಂದ ಶುರುವಾದರೆ ಓದಲಿಕ್ಕಾಗುವುದಿಲ್ಲ. ಕನ್ನಡದಲ್ಲಿ ಹೋಲಿಕೆಯ ಕೆಲಸವನ್ನು ಪದದ ಬಾಲವೇ ಮಾಡ್ತದೆ. ಸಾಮ್ಯಕ್ಕೆ "ತೆಂಕಿನಲ್ಲೂ ಕಥಕಳಿಯಲ್ಲೂ". ವ್ಯತ್ಯಾಸಕ್ಕೆ "ತೆಂಕಿನಲ್ಲಿ ಹೀಗಾದರೆ ಕಥಕಳಿಯಲ್ಲಿ ಹಾಗೆ", "ಕಥಕಳಿಯಲ್ಲಾದರೋ". ಪ್ರಮಾಣಕ್ಕೆ "-ಕ್ಕಿಂತ", "-ರಷ್ಟು". "-ರ ಬದಲು", "ಹೊರತುಪಡಿಸಿ", "ಅಷ್ಟೇ ಮಟ್ಟಿಗೆ" ಇವೂ ಇವೆ. "ಆದರೆ"ಯನ್ನು ಪ್ಯಾರಾ ನಿಜವಾಗಿ ತಿರುಗುವ ಒಂದು ಜಾಗಕ್ಕೆ ಉಳಿಸಿಕೊಳ್ಳಿ.

"ಇವೆರಡರ ನಡುವೆ ಅಪಾರ ವ್ಯತ್ಯಾಸವಿದೆ" ಎಂಬ ವಾಕ್ಯ ಕಂಡಲ್ಲಿ ಅಳಿಸಿ. ವ್ಯತ್ಯಾಸ ಏನೆಂದು ಮುಂದಿನ ವಾಕ್ಯ ಹೇಳುವುದಾದರೆ ಇದು ಬೇಡ, ಹೇಳದಿದ್ದರೆ ಇದ್ದೂ ಪ್ರಯೋಜನ ಇಲ್ಲ.

ಕುಂಬಳೆ_ಸೀಮೆ

ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಕಥಕಳಿಯ ಬರಹಗಳು ಸಿಗುವುದು ಹೆಚ್ಚಾಗಿ ಮಲಯಾಳದಲ್ಲಿ, ಯಕ್ಷಗಾನದ್ದು ಕನ್ನಡದಲ್ಲಿ. ಮಲಯಾಳದ ಲೇಖನ ಯಕ್ಷಗಾನದ ಬಗ್ಗೆ ಒಂದು ಸಾಲಿನಲ್ಲಿ ಹೇಳಿದ್ದನ್ನೋ, ಕನ್ನಡದ ಲೇಖನ ಕಥಕಳಿಯ ಬಗ್ಗೆ ಹಾರಿಕೆಯಲ್ಲಿ ಹೇಳಿದ್ದನ್ನೋ ಸಾಕ್ಷಿಯಾಗಿ ತರಬೇಡಿ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕಾಲ, ಕಥಕಳಿಗೆ ಮೊದಲಿನ ರಾಮನಾಟ್ಟಂ ಜೊತೆಗಿನ ಸಂಬಂಧ ಇವೆಲ್ಲ ವಿದ್ವಾಂಸರು ಒಮ್ಮತಕ್ಕೆ ಬಾರದ ವಿಷಯಗಳು. "ಯಾವುದು ಮೊದಲು, ಯಾರು ಯಾರಿಂದ ಕಲಿತರು" ಎಂಬ ಜಗಳಕ್ಕೆ 1500 ಪದದಲ್ಲಿ ಇಳಿದರೆ ಹೊರಗೆ ಬರಲಿಕ್ಕಿಲ್ಲ. ಅಭಿಮಾನವೂ ಅಲ್ಲೇ ನುಗ್ಗುವುದು. ಒಂದು ಕಲೆಗೆ "ಭವ್ಯ, ಅದ್ಭುತ", ಇನ್ನೊಂದಕ್ಕೆ ಬರೀ ಮಾಹಿತಿ. ಓದುವವರಿಗೆ ತಕ್ಷಣ ಗೊತ್ತಾಗ್ತದೆ.

ಮತ್ತೆ ವಿವರಣೆಯನ್ನು ಸಮವಾಗಿ ಹಂಚಬೇಕೆಂದಿಲ್ಲ. ಕನ್ನಡ ವಿಭಾಗಕ್ಕೆ ಬರೆಯುವುದಾದರೆ ತಾಳಮದ್ದಳೆ ಎಂದರೇನು ಎಂದು ವಿವರಿಸುವುದು ವ್ಯರ್ಥ, ಇಳಕಿಯಾಟ್ಟಕ್ಕೆ ಎರಡು ವಾಕ್ಯ ಬೇಕು. ಅದೇ ಪ್ರಬಂಧ ಇಂಗ್ಲಿಷ್ ಅಥವಾ ಮಲಯಾಳ ವಿಭಾಗಕ್ಕೆ ಹೋಗುವುದಾದರೆ ಇದು ತಲೆಕೆಳಗಾಗ್ತದೆ.

ಉಪ್ಪಳ_ಗೇಟ್

ಮೂರನೇ ಆಧಾರದ ಪ್ಯಾರಾ ಬರೆದು ನೋಡಿದೆ. ತಿದ್ದಿ ಕೊಡಿ:

"ಭೀಮ ಕಾಡಿನೊಳಗೆ ಹೋಗುವ ದೃಶ್ಯ ಎರಡರಲ್ಲೂ ಇದೆ. ಯಕ್ಷಗಾನದಲ್ಲಿ ಭೀಮ ಮತ್ತು ಹನುಮಂತ ಬಹಳ ಚೆನ್ನಾಗಿ ಮಾತಾಡುತ್ತಾರೆ. ಕಥಕಳಿಯಲ್ಲಿ ಭೀಮ ಮುದ್ರೆಗಳ ಮೂಲಕ ಕಾಡನ್ನು ವರ್ಣಿಸುತ್ತಾನೆ. ಹೀಗೆ ಎರಡೂ ಕಲೆಗಳು ಭಿನ್ನವಾಗಿವೆ."

ಮೊಗ್ರಾಲ್_ಗಾಳಿ

ದಾರಿ ಸರಿ ಉಂಟು, ಹತ್ತಿರ ಹೋಗಲಿಲ್ಲ. "ಚೆನ್ನಾಗಿ ಮಾತಾಡುತ್ತಾರೆ" ಅಂದ್ರೆ ಏನು ಮಾತಾಡ್ತಾರೆ? "ಕಾಡನ್ನು ವರ್ಣಿಸುತ್ತಾನೆ" ಅಂದ್ರೆ ಕಾಡಿನಲ್ಲಿ ಏನು ಕಂಡ? ಕೊನೆಯ ವಾಕ್ಯ ಮಧೂರಿನವರು ಅಳಿಸಲಿಕ್ಕೆ ಹೇಳಿದ ವಾಕ್ಯವೇ. ಹೀಗೆ ಮಾಡಬಹುದು:

"ದಾರಿಗಡ್ಡ ಮಲಗಿದ ಮುದಿ ಕಪಿಯನ್ನು ತೆಂಕುತಿಟ್ಟಿನ ಭೀಮ ಎದುರಿಸುವುದು ಮಾತಿನಲ್ಲಿ. ಪದ್ಯ ಕೊಟ್ಟದ್ದು ಒಂದೆರಡು ಸಾಲು; ಭೀಮನ ಗರ್ವ, ಹನುಮಂತನ ಕೊಂಕು, ಬಾಲ ಸರಿಸು ಎಂಬ ಸವಾಲು ಇವನ್ನು ಎಷ್ಟು ಬೆಳೆಸಬೇಕೆಂಬುದು ಆ ರಾತ್ರಿಯ ಇಬ್ಬರು ಕಲಾವಿದರಿಗೆ ಬಿಟ್ಟದ್ದು. ಕಥಕಳಿಯ ಭೀಮನಿಗೆ ಅಷ್ಟೇ ಸ್ವಾತಂತ್ರ್ಯ ಸಿಗುವುದು ಹನುಮಂತ ಎದುರಾಗುವ ಮೊದಲು, ಒಬ್ಬನೇ ಇರುವಾಗ. ಆನೆಯ ಕಾಲನ್ನು ಹೆಬ್ಬಾವು ನುಂಗುತ್ತಿರುವುದನ್ನು, ಮೇಲಿನಿಂದ ಸಿಂಹ ಎರಗುವುದನ್ನು ಅವನು ನೋಡುತ್ತಾನೆ. ಹಾಡು ನಿಂತಿರುತ್ತದೆ, ವಾದ್ಯಗಳು ಮಾತ್ರ ಇರುತ್ತವೆ. ಆನೆ, ಹಾವು, ಸಿಂಹ, ನೋಡುವ ಭೀಮ ನಾಲ್ವರೂ ಒಬ್ಬನೇ ನಟನ ಮೈಯಲ್ಲಿ ಬರುತ್ತಾರೆ. ಯಕ್ಷಗಾನದ ಸ್ವಾತಂತ್ರ್ಯಕ್ಕೆ ಎದುರಾಳಿ ಬೇಕು, ಕಥಕಳಿಯದಕ್ಕೆ ಏಕಾಂತ ಸಾಕು."

ಚಂದ್ರಗಿರಿ_ದಡ

ಕೊನೆಯ ವಾಕ್ಯದಲ್ಲಿ ಮತ್ತೆ ಅಳತೆ ಮೀರಿತು. ಯಕ್ಷಗಾನದಲ್ಲೂ ಪಾತ್ರಧಾರಿ ಪ್ರವೇಶದ ಪೀಠಿಕೆಯಲ್ಲಿ ಒಬ್ಬನೇ ಅರ್ಥ ಬೆಳೆಸುತ್ತಾನೆ, ಎದುರಾಳಿ ಇರುವುದಿಲ್ಲ. "ಈ ಪ್ರಸಂಗದ ಮಟ್ಟಿಗೆ" ಎಂದು ಸೇರಿಸಿ.

ಮೊಗ್ರಾಲ್_ಗಾಳಿ

ಹೌದು, ಸೇರಿಸ್ಬೇಕು. ಉಪ್ಪಳದವರೇ, ಇದನ್ನು ಹಾಗೇ ಇಳಿಸಿಕೊಳ್ಳಬೇಡಿ, ನೀವು ನೋಡಿದ ಪ್ರಯೋಗದ ಮಾತುಗಳನ್ನು ಹಾಕಿ. ಯೂಟ್ಯೂಬಿನಲ್ಲಿ ನೋಡಿದ್ದಾದರೆ ಯಾವ ಮೇಳ, ಯಾವ ದಿನಾಂಕ, ಎಷ್ಟನೇ ನಿಮಿಷ ಎಂದು ಬರೆದಿಟ್ಟುಕೊಳ್ಳಿ, ಅಡಿಟಿಪ್ಪಣಿಗೆ ಬೇಕಾಗ್ತದೆ.

ಉಪ್ಪಳ_ಗೇಟ್

ಆಯ್ತು. ಕೊನೆಯ 200 ಪದದಲ್ಲಿ ಎಂತ ಬರೆಯುವುದು? ಮೂರು ಆಧಾರವನ್ನೂ ಮತ್ತೊಮ್ಮೆ ಹೇಳ್ಬೇಕಾ?

ಶಿರಿಯ_ಹೊಳೆ

ಬೇಡ. ಮೂರರಲ್ಲಿ ಯಾವುದು ಉಳಿದೆರಡನ್ನು ವಿವರಿಸುತ್ತದೆ ಎಂದು ಹೇಳಿ. ಇಲ್ಲಿ ಮಾತು–ಮುದ್ರೆಯ ವ್ಯತ್ಯಾಸವೇ ಬುಡ. ಮುಖವೇ ಮಾತಾಡ್ಬೇಕಾದ ಕಡೆ ಚುಟ್ಟಿಯ ಅಂಚು ಮುಖವನ್ನು ಚೌಕಟ್ಟಿನೊಳಗೆ ಎತ್ತಿ ತೋರಿಸುತ್ತದೆ, ಬಾಯಿಯೇ ಮಾತಾಡುವ ಕಡೆ ಆ ಹೊರೆ ಮುಖಕ್ಕೆ ಅಷ್ಟಿಲ್ಲ. ಹೀಗೆ ವೇಷದ ಪ್ಯಾರಾವನ್ನು ಮಾತಿನ ಪ್ಯಾರಾಕ್ಕೆ ಕಟ್ಟಿ. ಅದಕ್ಕೆ 120 ಪದ ಸಾಕು. ಮಿಕ್ಕ 80ರಲ್ಲಿ ಮೊಗ್ರಾಲಿನವರ ಗಾನವೈಭವ–ಚೊಲ್ಲಿಯಾಟ್ಟದ ತಕರಾರು ಹಾಕಿ, ನಿಮ್ಮ ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಗೆರೆ ಎಳೆಯಿರಿ. ಪ್ರಸ್ತಾವನೆಯನ್ನು ಇದಾದ ಮೇಲೆಯೇ ಹೊಸತಾಗಿ ಬರೆಯಿರಿ. ಕರಡಿನಲ್ಲಿ ಇರುವ "ಭಾರತವು ಕಲೆಗಳ ತವರೂರು" ಎಂಬ ಮೊದಲ ಪ್ಯಾರಾ ಇಡಿಯಾಗಿ ಹೋದರೆ ಆ 150 ಪದಕ್ಕೆ ಜಾಗ ಸಿಗ್ತದೆ.